ಸೋಲಿಲ್ಲದ ವಿಲನ್‌ಗೂ ಒಂದು ಅಳುಕು: ಕಾಮಿಕ್ಸ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರಲ್ಲಿ ಕೂತಿದ್ದೆ. ಪರಿಚಯದ ಹುಡುಗನೊಬ್ಬ ತಾನು ಬರೆದ ಕಾಮಿಕ್ಸ್ ತಂದು ಮುಂದಿಟ್ಟ. ಡ್ರಾಯಿಂಗ್ ಶೀಟು ಮಡಚಿ ದಾರದಲ್ಲಿ ಹೊಲಿದ 24 ಪುಟ. ಗೆರೆ ಪಳಗಿದ ಕೈಯದು. ಅವನ ವಿಲನ್ ಎಂಟಡಿ ಎತ್ತರದವನು. ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ. ಪಿ.ಬಿ. ರಸ್ತೆಯ ಬಸ್ಸುಗಳನ್ನು ಬೆಂಕಿಪೊಟ್ಟಣ ಎಸೆದ ಹಾಗೆ ಎಸೆಯುತ್ತಾನೆ.

"ಇವನಿಗೆ ಯಾವುದರ ಹೆದರಿಕೆನಪ್ಪ?" ಅಂದೆ.

"ಹೆದರಿಕೆನೇ ಇಲ್ಲ ಸರ್. ಅದೇ ಅವನ ಪವರ್."

"ಹಂಗಾದ್ರೆ ಇವನು ವಿಲನ್ ಅಲ್ಲ, ಜೆಸಿಬಿ."

ಹುಡುಗನ ಮುಖ ಸಣ್ಣದಾಯಿತು. ಒಂದು ಪ್ಲೇಟ್ ಮಿರ್ಚಿ ಹೇಳಿ, ಅವತ್ತು ಅವನಿಗೆ ಅಂಗಡಿಯ ಪೇಪರಿನ ಮೇಲೆ ಗೀಚಿ ತೋರಿಸಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಜೆಸಿಬಿ ಗೋಡೆ ಕೆಡವುವುದನ್ನು ಜನ ನಿಂತು ನೋಡುತ್ತಾರೆ, ನಿಜ. ಆದರೆ ಹತ್ತು ನಿಮಿಷ ನೋಡಿ ಮನೆಗೆ ಹೋಗುತ್ತಾರೆ. ಒಳಗೆ ಕೂತವನು ಯಾರು ಅಂತ ಕೇಳುವುದಿಲ್ಲ.

ಬೇಕಾದ ಸಾಮಾನು: 200 ಪುಟದ ಗೆರೆಯಿಲ್ಲದ ನೋಟ್‌ಬುಕ್ಕು, ಪೆನ್ಸಿಲು, ರಬ್ಬರು. ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮೊದಲ ಐದು ಹಂತಗಳಿಗೆ ಚಿತ್ರವೇ ಬೇಡ.

ಹಂತ 1: ಮೊದಲು ಕೋಟೆ ಕಟ್ಟಿ

ಅಳುಕಿನಿಂದ ಶುರು ಮಾಡಬೇಡಿ. ಮೊದಲು ಅವನನ್ನು ನಿಜಕ್ಕೂ ಗೆಲ್ಲಲಾಗದವನನ್ನಾಗಿ ಮಾಡಿ. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಕೋಟೆ ನೋಡಲು ಬಂದವರು ಮೊದಲನೇ ಬಾಗಿಲಲ್ಲಿ ಹರಟುತ್ತಾ ಒಳಗೆ ಹೋಗುತ್ತಾರೆ. ದಾರಿ ತಿರುಗುತ್ತದೆ, ಇನ್ನೊಂದು ಬಾಗಿಲು. ಮತ್ತೆ ತಿರುವು, ಮತ್ತೆ ಬಾಗಿಲು. ಅಷ್ಟರಲ್ಲಿ ಹರಟೆ ನಿಂತಿರುತ್ತದೆ. ಏಳು ಸುತ್ತಿನ ಕೋಟೆ ಅಂತ ಬಾಯಲ್ಲಿ ಹೇಳಿದರೆ ಅದು ಬರೀ ಸಂಖ್ಯೆ. ಆ ತಿರುವುಗಳಲ್ಲಿ ಏದುಸಿರು ಬಿಟ್ಟ ಮೇಲೆಯೇ 1779ರಲ್ಲಿ ಕೋಟೆ ಹಿಡಿಯುವ ಮೊದಲು ಹೈದರಾಲಿ ಯಾಕೆ ಮತ್ತೆ ಮತ್ತೆ ದಂಡೆತ್ತಿ ಬರಬೇಕಾಯಿತು ಅಂತ ಕಾಲಿಗೇ ಅರ್ಥವಾಗುತ್ತದೆ.

ನಿಮ್ಮ ವಿಲನ್ ಬಲವೂ ಹೀಗೆ ಸುತ್ತುಸುತ್ತಾಗಿರಲಿ. ಒಂದು ಸುತ್ತು ದೇಹದ್ದು, ಒಂದು ಬುದ್ಧಿಯದ್ದು, ಒಂದು ಹಣದ್ದು, ಒಂದು ಜನ ಅವನಿಗೆ ಕೊಡುವ ಮರ್ಯಾದೆಯದ್ದು. ಡಾಕ್ಟರ್ ಡೂಮ್‌ನನ್ನು ನೋಡಿ. 1962ರಲ್ಲಿ ಸ್ಟಾನ್ ಲೀ, ಜಾಕ್ ಕಿರ್ಬಿ ಸೇರಿ ಫೆಂಟಾಸ್ಟಿಕ್ ಫೋರ್ ಸರಣಿಯ 5ನೇ ಸಂಚಿಕೆಯಲ್ಲಿ ತಂದ ಪಾತ್ರ. ಮೈಗೆ ಉಕ್ಕಿನ ಕವಚ, ತಲೆಯಲ್ಲಿ ವಿಜ್ಞಾನ, ಕೈಯಲ್ಲಿ ಮಾಟ. ಸಾಲದ್ದಕ್ಕೆ ಲ್ಯಾಟ್ವೀರಿಯಾ ಎಂಬ ಇಡೀ ದೇಶಕ್ಕೆ ರಾಜ. ಒಂದು ಸುತ್ತು ಒಡೆದರೆ ಇನ್ನೊಂದು ಎದುರಾಗುತ್ತದೆ.

ಈ ಬರಹದುದ್ದಕ್ಕೂ ನಾವೂ ಒಬ್ಬ ವಿಲನ್‌ನನ್ನು ಕಟ್ಟೋಣ. ಹೆಸರು ಗಿರಣಿರಾಯ. ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. ಅಂಥ ಊರಲ್ಲಿ ಮುಚ್ಚಿಹೋದ ಗಿರಣಿಯೊಂದರ ಕಬ್ಬಿಣದಿಂದ ಮೈ ಮಾಡಿಕೊಂಡವನು. ಅವನು ಮುಟ್ಟಿದ ಯಂತ್ರ ಅವನ ಮಾತು ಕೇಳುತ್ತದೆ. ಊರಿನ ಪ್ರತಿ ಮೋಟಾರು, ಪ್ರತಿ ಪಂಪ್‌ಸೆಟ್ಟು ಅವನ ಬೆರಳ ತುದಿಯಲ್ಲಿ. ಅವನ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿಯುತ್ತಾರೆ, ಯಂತ್ರ ಹಗಲಿರುಳು ನಿಲ್ಲುವುದಿಲ್ಲ.

ಹಂತ 2: ಬಲಹೀನತೆ ಬೇರೆ, ಭಯ ಬೇರೆ

ಹೊಸಬರು ಎಡವುವುದು ಇಲ್ಲೇ. ಒಬ್ಬನನ್ನು ಕೊಲ್ಲಬಲ್ಲ ವಸ್ತು ಅವನ ಬಲಹೀನತೆ. ಯಾವುದು ಎದುರಾಗದಿರಲಿ ಅಂತ ಅವನು ತನ್ನ ಇಡೀ ಬದುಕನ್ನು ಹೊಂದಿಸಿಕೊಂಡಿದ್ದಾನೋ ಅದು ಅವನ ಭಯ.

ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಬಲಹೀನತೆ. ಅದು ಮೊದಲು ಬಂದದ್ದು 1943ರ ರೇಡಿಯೊ ನಾಟಕದಲ್ಲಿ, ಕಾಮಿಕ್ಸಿನ ಪುಟಕ್ಕೆ ಬಂದದ್ದು 1949ರಲ್ಲಿ. ಆ ಕಲ್ಲು ಹತ್ತಿರ ಬಂದರೆ ಅವನು ಬೀಳುತ್ತಾನೆ, ದೂರ ಹೋದರೆ ಏಳುತ್ತಾನೆ. ಅದು ಸ್ವಿಚ್ಚು. ಅವನು ಎಂಥವನು ಅನ್ನುವುದರ ಬಗ್ಗೆ ಆ ಕಲ್ಲು ಒಂದು ಮಾತೂ ಹೇಳುವುದಿಲ್ಲ. 1966ರ ಕಥೆಯಲ್ಲಿ ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಅಂಗೈಯಗಲದ ಒಂದು ಉಪಕರಣ ಕಂಡು ಹಿಂದೆ ಸರಿಯುತ್ತಾನೆ. ರೋಮಾಂಚನವೇನೋ ಆಗುತ್ತದೆ, ಆದರೆ ಅವನ ಒಳಗನ್ನು ಕಂಡಂತಾಗುವುದಿಲ್ಲ.

ನಮ್ಮ ದುರ್ಗದ ಮಾತಲ್ಲೇ ಹೇಳುವುದಾದರೆ ಬಲಹೀನತೆ ಅಂದರೆ ಕಿಂಡಿ. ಕಾವಲುಗಾರ ಊಟಕ್ಕೆ ಹೋದ ಹೊತ್ತಲ್ಲಿ ಶತ್ರು ನುಸುಳುವ ಜಾಗ. ಭಯ ಇರುವುದು ಬಂಡೆಯಲ್ಲಲ್ಲ, ಅರಮನೆಯಲ್ಲಿ ಮಲಗಿದವನ ಕನಸಿನಲ್ಲಿ. ಅವನು ಯಾಕೆ ಒಂದು ಸುತ್ತಿಗೆ ನಿಲ್ಲಿಸದೆ ಏಳು ಸುತ್ತು ಕಟ್ಟಿಸಿದ? ಆ ಪ್ರಶ್ನೆಗೆ ಉತ್ತರ ಸಿಕ್ಕರೆ ವಿಲನ್ ಸಿಕ್ಕ ಹಾಗೆ.

ಈ ತಪ್ಪು ನಾನೂ ಮಾಡಿದ್ದೇನೆ. ನನ್ನ ಮೊದಲ ಕಾಮಿಕ್ಸಿನಲ್ಲಿ ಲೋಕ ನಡುಗಿಸುವ ಖಳನಿಗೆ ಹಲ್ಲಿ ಕಂಡರೆ ಭಯ ಅಂತ ಬರೆದು, 100 ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿದೆ. ಓದಿದವರೆಲ್ಲ ನಕ್ಕರು. ನಗಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಹಲ್ಲಿಗೂ ಅವನ ಕ್ರೌರ್ಯಕ್ಕೂ ನಂಟೇ ಇರಲಿಲ್ಲ. ಹಲ್ಲಿ ತೆಗೆದು ಜಿರಲೆ ಹಾಕಿದ್ದರೂ ಕಥೆ ಒಂದಿಂಚು ಅಲುಗುತ್ತಿರಲಿಲ್ಲ. ಭಯ ಬದಲಿಸಿದರೆ ವಿಲನ್ನೂ ಬದಲಾಗಬೇಕು. ಬದಲಾಗದಿದ್ದರೆ ನೀವು ಹಿಡಿದಿರುವುದು ಹಲ್ಲಿಯನ್ನೇ.

ಹಂತ 3: ಅವನಿಂದ ವರ ಬೇಡಿಸಿ

ಇದು ನನ್ನ ಅಚ್ಚುಮೆಚ್ಚಿನ ಅಭ್ಯಾಸ. ಹೊರಗಿನ ಯಾವ ಪಾಠದಲ್ಲೂ ಸಿಗದ್ದು, ಯಾಕೆಂದರೆ ಇದು ನಮ್ಮ ಪುರಾಣದ ಸೊತ್ತು.

ಹಿರಣ್ಯಕಶಿಪು ಕೇಳಿದ ವರ ಎಲ್ಲರಿಗೂ ಗೊತ್ತು. ಮನುಷ್ಯನಿಂದ ಬೇಡ, ಮೃಗದಿಂದ ಬೇಡ. ಹಗಲು ಬೇಡ, ರಾತ್ರಿ ಬೇಡ. ಒಳಗೆ ಬೇಡ, ಹೊರಗೆ ಬೇಡ. ನೆಲದಲ್ಲಿ ಬೇಡ, ಆಕಾಶದಲ್ಲಿ ಬೇಡ. ಶಸ್ತ್ರದಿಂದ ಬೇಡ. ಎಂಥ ಜಾಣ ಅಂತ ನಾವು ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದೇವೆ. ಇನ್ನೊಮ್ಮೆ ನಿಧಾನವಾಗಿ ಓದಿ. ಹಗಲೂ ನಿದ್ದೆಯಿಲ್ಲ, ರಾತ್ರಿಯೂ ಇಲ್ಲ. ಮನೆಯೊಳಗೆ ಕೂತರೂ ಅಳುಕು, ಹೊರಗೆ ಬಂದರೂ ಅಳುಕು. ಒಡಹುಟ್ಟಿದ ಹಿರಣ್ಯಾಕ್ಷನನ್ನು ಹಂದಿಯ ರೂಪದಲ್ಲಿ ಬಂದವನು ಕೊಂದಿದ್ದ. ಮೃಗದಿಂದ ಬೇಡ ಅನ್ನುವ ಮಾತು ಎಲ್ಲಿಂದ ಬಂತು ಅಂತ ಈಗ ಹೊಳೆಯಿತೇ? ವರದ ಪಟ್ಟಿ ಅಂದರೆ ಭಯದ ಪಟ್ಟಿ. ತಿರುಗಿಸಿ ಹಿಡಿದು ಓದಬೇಕು ಅಷ್ಟೆ.

ರಾವಣನದು ಇನ್ನೊಂದು ಮಾದರಿ. ಅವನು ದೇವ ದಾನವರೆಲ್ಲರ ಹೆಸರು ಹೇಳಿ ಮನುಷ್ಯರನ್ನು ಬಿಟ್ಟ. ಇವರೇನು ಮಹಾ, ಅನ್ನುವ ತಾತ್ಸಾರ. ಭಯಪಡಬೇಕಾದ್ದಕ್ಕೆ ಭಯಪಡದಿರುವುದೂ ವಿಲನ್ ಒಳಗಿನ ನಕ್ಷೆಯೇ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ ಬಿಡಿ.

ಈಗ ನಿಮ್ಮ ವಿಲನ್‌ನನ್ನು ಬ್ರಹ್ಮನ ಮುಂದೆ ನಿಲ್ಲಿಸಿ ಅವನ ಬಾಯಲ್ಲೇ ಐದು ಸಾಲು ಬರೆಯಿರಿ. ಗಿರಣಿರಾಯ ಕೇಳಿದ್ದು ಇದು:

ಬೆಂಕಿ ನನ್ನನ್ನು ಸುಡಬಾರದು.
ನೀರು ನನ್ನನ್ನು ಮುಳುಗಿಸಬಾರದು.
ನನ್ನ ಕಬ್ಬಿಣಕ್ಕೆ ತುಕ್ಕು ಹತ್ತಬಾರದು.
ನಾನು ಮುಟ್ಟಿದ ಯಂತ್ರ ನಿಲ್ಲಬಾರದು.
ನನ್ನ ಕಣ್ಣೆದುರು ಯಾರೂ ಊಟ ಬಿಟ್ಟು ಏಳಬಾರದು.

ಮೊದಲ ಮೂರು ಯಾವ ರಾಕ್ಷಸನಾದರೂ ಕೇಳುವಂಥವು, ಹೊಡೆದುಹಾಕಿ. ನಾಲ್ಕನೆಯದು ಕುತೂಹಲ ಹುಟ್ಟಿಸುತ್ತದೆ. ಐದನೆಯದು ಬರೆದಾಗ ನನಗೇ ಇದೇನಿದು ಅನಿಸಿತು. ಪಟ್ಟಿಯಲ್ಲಿ ಹೊಂದದೆ ಕೂತ ಸಾಲಿಗೆ ಗುಂಡು ಸುತ್ತಿ. ಐದರಲ್ಲೂ ಅಂಥ ಸಾಲು ಬರದಿದ್ದರೆ ಇನ್ನೈದು ಬರೆಯಿರಿ. ಬೇಗ ಬರೆಯಿರಿ, ಯೋಚಿಸಲು ಹೊತ್ತು ಕೊಡಬೇಡಿ.

ಹಂತ 4: ಆ ಒಂದು ದಿನ ಯಾವುದು?

ಗುಂಡು ಸುತ್ತಿದ ಸಾಲಿನ ಹಿಂದೆ ಒಂದು ದಿನ ಇರುತ್ತದೆ. ಇಡೀ ಬಾಲ್ಯ ಬೇಕಿಲ್ಲ, ಒಂದು ದಿನ, ಸಾಧ್ಯವಾದರೆ ಒಂದು ವಸ್ತು.

ಗಿರಣಿರಾಯನ ಅಪ್ಪ ಗಿರಣಿ ಕೆಲಸಗಾರ. ಗಿರಣಿ ಮುಚ್ಚಿತು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ಬುತ್ತಿ ಡಬ್ಬಿ ಹಿಡಿದು ಹೊರಟು, ಮುಚ್ಚಿದ ಗೇಟಿನೆದುರು ಕೂತು, ಸಂಜೆ ಎಂದಿನ ಹೊತ್ತಿಗೆ ಮರಳುತ್ತಿದ್ದ. ದುಡಿಯದೆ ತುತ್ತು ಇಳಿಯಲಿಲ್ಲವೋ ಏನೋ, ಒಂದು ದಿನ ಡಬ್ಬಿ ತೆರೆಯದೆಯೇ ಬಂದ. ತೊಳೆಯಲು ಎತ್ತಿಕೊಂಡದ್ದು ಮಗ. ಖಾಲಿ ಡಬ್ಬಿಯ ತೂಕ ಅವನ ಕೈಗೆ ಗೊತ್ತಿತ್ತು. ಇದು ಆ ತೂಕ ಅಲ್ಲ. ಮುಚ್ಚಳ ತೆಗೆದ. ರೊಟ್ಟಿ ಹಾಗೇ ಇತ್ತು, ಪಲ್ಯ ಹಳಸಿತ್ತು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದ.

ಅಷ್ಟೇ. ಯಾರೂ ಸಾಯಲಿಲ್ಲ, ಮನೆ ಸುಡಲಿಲ್ಲ. ಆದರೆ ಮುಂದೆ ಆ ಹುಡುಗ ಊರಿನ ಎಲ್ಲ ಯಂತ್ರಗಳನ್ನೂ ಹಿಡಿತಕ್ಕೆ ತೆಗೆದುಕೊಂಡ ಅಂದರೆ ಯಾಕೆ ಅಂತ ಓದುಗ ಕೇಳುವುದಿಲ್ಲ.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಮ್ಯಾಗ್ನೆಟೊ ಪಾತ್ರ. 1963ರಲ್ಲಿ ಎಕ್ಸ್‌-ಮೆನ್ ಮೊದಲ ಸಂಚಿಕೆಯಲ್ಲಿ ಬಂದಾಗ ಅವನು ಅಬ್ಬರಿಸುವ ಮಾಮೂಲಿ ಖಳ. ಕ್ರಿಸ್ ಕ್ಲೇರ್‌ಮಾಂಟ್ ಬರೆದ 1981ರ 150ನೇ ಸಂಚಿಕೆಯಲ್ಲಿ ಅವನ ಬಾಲ್ಯ ಆಶ್ವಿಟ್ಜ್ ಶಿಬಿರದಲ್ಲಿ ಕಳೆದದ್ದು ತಿಳಿಯುತ್ತದೆ. ಅದೇ ಸಂಚಿಕೆಯಲ್ಲಿ ಕಿಟ್ಟಿ ಪ್ರೈಡ್ ಎಂಬ ಹುಡುಗಿಯನ್ನು ಸಿಟ್ಟಿನಲ್ಲಿ ಹೊಡೆದುರುಳಿಸಿ, ಸತ್ತೇಹೋದಳೆಂದುಕೊಂಡು ಕುಸಿಯುತ್ತಾನೆ. ಮಕ್ಕಳನ್ನು ಕೊಂದವರನ್ನು ದ್ವೇಷಿಸುತ್ತಾ ಬೆಳೆದವನ ಕೈ ಒಂದು ಮಗುವಿನ ಮೇಲೆ ಎದ್ದಿದೆ. ಅವನು ಹೆದರಿದ್ದು ವೈರಿಗಲ್ಲ, ತಾನೇ ಆ ವೈರಿಯಾಗಿಬಿಟ್ಟೆನೇನೋ ಅನ್ನುವುದಕ್ಕೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಈಗೀಗ ಪ್ರತಿ ವಿಲನ್‌ಗೂ ಅಳುವ ಬಾಲ್ಯ ಅಂಟಿಸುವ ಚಾಳಿ ಬಂದಿದೆ. ಹತ್ತು ಪುಟ ಕಣ್ಣೀರು, ಕೊನೆಗೆ ಪಾಪ ಅವನದೇನೂ ತಪ್ಪಿಲ್ಲ. ನನಗೆ ಇದು ಸೇರುವುದಿಲ್ಲ. ಕಾರಣ ಗೊತ್ತಾಯಿತೆಂದು ತಪ್ಪು ಮನ್ನಾ ಆಗುವುದಿಲ್ಲ. ಆ ದಿನಕ್ಕೆ ಒಂದು ಪುಟ ಕೊಡಿ, ಹೆಚ್ಚೆಂದರೆ ಎರಡು. ಕೊಡದಿದ್ದರೂ ಆದೀತು. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್‌ನ ಹಿಂದಿನ ಕಥೆ ಒಂದೇ ಆಗಿ ನಿಲ್ಲುವುದೇ ಇಲ್ಲ. 1988ರ ಒಂದು ಕಥೆಯಲ್ಲಿ ತನಗೇ ಅದು ಒಮ್ಮೊಮ್ಮೆ ಒಂದೊಂದು ಥರ ನೆನಪಾಗುತ್ತದೆ ಅನ್ನುತ್ತಾನೆ. ಬರೆಯುವವರಿಗೆ ಗೊತ್ತಿದ್ದರೆ ಸಾಕು, ಓದುವವರಿಗೆ ಹೇಳಲೇಬೇಕೆಂದಿಲ್ಲ.

ಹಂತ 5: ಭಯಕ್ಕೆ ದರ್ಪದ ವೇಷ ಹಾಕಿ

ಈ ಹಂತಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ.

ನಮ್ಮ ಚಿಕ್ಕಪ್ಪ ಊರ ಜಾತ್ರೆಯ ನಾಟಕದಲ್ಲಿ ಖಾಯಂ ದುರ್ಯೋಧನ. ಕಂಚಿನ ಕಂಠ, ಹಾರ್ಮೋನಿಯಂ ಮೇಷ್ಟ್ರೇ ಬೆರಗಾಗುವಂಥದ್ದು. ರಂಗಕ್ಕೆ ಬಂದು ಎರಡು ಮಾತಿಗೊಮ್ಮೆ ಮೀಸೆಗೆ ಕೈ ಹಾಕುತ್ತಿದ್ದರು. ಆ ಗತ್ತಿಗೆ ಶಿಳ್ಳೆಯೋ ಶಿಳ್ಳೆ. ಎಷ್ಟೋ ವರ್ಷವಾದ ಮೇಲೆ ಗುಟ್ಟು ಹೇಳಿದರು: "ಅದು ಗತ್ತಲ್ಲ ಕಣೋ. ಒಂದ್ಸಲ ಗೋಂದು ಬಿಟ್ಟು ಅರ್ಧ ಮೀಸೆ ಜೋತುಬಿದ್ದಿತ್ತು. ಅವತ್ತಿಂದ ಮುಟ್ಟಿ ಮುಟ್ಟಿ ನೋಡ್ಕೊಳ್ಳೋದೇ ಆತು."

ಜನ ದರ್ಪ ಅಂದುಕೊಂಡದ್ದು ಭಯ. ಸೂಪರ್‌ವಿಲನ್ ಬರೆಯುವ ಕಲೆ ಪೂರ್ತಿ ಆ ಮೀಸೆಯಲ್ಲಿದೆ ಅಂತ ನನಗೆ ಅನಿಸುತ್ತದೆ. ಅವನ ಭಯ ಮೂಲೆಯಲ್ಲಿ ಅಡಗಿ ಕೂರಬಾರದು. ಎಲ್ಲರ ಕಣ್ಣೆದುರು, ಅವನ ಅತಿ ದೊಡ್ಡ ಅಹಂಕಾರದ ರೂಪದಲ್ಲೇ ಓಡಾಡಬೇಕು. ಓದುಗ ಮೊದಲ ಸಲ ಓದಿದಾಗ ಎಂಥ ಕ್ರೂರಿ ಅನ್ನಬೇಕು. ಎಲ್ಲ ತಿಳಿದ ಮೇಲೆ ಅದೇ ಪುಟಕ್ಕೆ ಮರಳಿದರೆ ಅಯ್ಯೋ ಅನ್ನಬೇಕು. ಚಿತ್ರ ಒಂದೇ ಇರಬೇಕು.

ಡೂಮ್‌ನ ಮುಖವಾಡ ಅಂಥದ್ದು. ಲೋಕಕ್ಕೆ ಅದು ಸರ್ವಾಧಿಕಾರಿಯ ಉಕ್ಕಿನ ಮುಖ. ಕಥೆಯೇನು? ಸತ್ತ ತಾಯಿಯನ್ನು ಮುಟ್ಟಲು ಯಂತ್ರ ಕಟ್ಟುತ್ತಿದ್ದ ವಿದ್ಯಾರ್ಥಿ ಅವನು. ಲೆಕ್ಕದಲ್ಲಿ ತಪ್ಪಿದೆ ಅಂತ ಸಹಪಾಠಿ ರೀಡ್ ರಿಚರ್ಡ್ಸ್ ಎಚ್ಚರಿಸಿದ, ಇವನು ಕೇಳಲಿಲ್ಲ, ಯಂತ್ರ ಸಿಡಿಯಿತು, ಮುಖಕ್ಕೆ ಗಾಯವಾಯಿತು. ಜಾಕ್ ಕಿರ್ಬಿಯ ಮನಸ್ಸಿನಲ್ಲಿದ್ದದ್ದು ಒಂದು ಸಣ್ಣ ಗೀರು ಮಾತ್ರ. ಆ ಗೀರನ್ನೂ ಸಹಿಸಲಾರದವನು ಡೂಮ್. ಮುಂದೆ ಬಂದ ಕಥೆಗಳಲ್ಲಿ ಕುಲುಮೆಯಿಂದ ತೆಗೆದ ಮುಖವಾಡವನ್ನು ಆರುವ ಮೊದಲೇ ಹಾಕಿಕೊಳ್ಳುತ್ತಾನೆ, ನಿಜವಾಗಿ ಮುಖ ಸುಟ್ಟದ್ದು ಆಗ. ಗಾಯಕ್ಕಿಂತ ಗಾಯ ಮುಚ್ಚಿದ್ದೇ ಹೆಚ್ಚು ಸುಟ್ಟಿತು. ಅವನು ತನ್ನಂತೆಯೇ ಇರುವ ರೋಬೋಟುಗಳನ್ನು ಮುಂದೆ ಕಳಿಸುವುದನ್ನೂ ಗಮನಿಸಿ. ಮೇಲ್ನೋಟಕ್ಕೆ ತಂತ್ರ. ಒಳಗಿರುವುದು, ಸೋತಾಗ ಸೋತದ್ದು ನಾನಲ್ಲ ಅನ್ನಲು ಒಂದು ದಾರಿ.

ಗಿರಣಿರಾಯನಿಗೆ ನಾವು ಹಾಕುವ ವೇಷ ಹೀಗಿರಲಿ. ಅವನ ಕಾರ್ಖಾನೆಯಲ್ಲಿ ಮಧ್ಯಾಹ್ನ 12:30ಕ್ಕೆ ಸೈರನ್ ಕೂಗುತ್ತದೆ. ಸಾವಿರಾರು ಜನ ಒಟ್ಟಿಗೆ ಕೂತು ಬುತ್ತಿ ಬಿಚ್ಚಬೇಕು. ಅವನು ಸಾಲುಗಳ ನಡುವೆ ನಡೆಯುತ್ತಾನೆ, ಪ್ರತಿ ಡಬ್ಬಿಯಲ್ಲೂ ಇಣುಕುತ್ತಾನೆ. ಖಾಲಿ ಮಾಡದೆ ಯಾರೂ ಏಳುವ ಹಾಗಿಲ್ಲ. ಜ್ವರ ಬಂದವನಿಗೂ ವಿನಾಯಿತಿ ಇಲ್ಲ. ಓದುಗ ಹಲ್ಲು ಕಡಿಯುತ್ತಾನೆ: ತಿನ್ನುವ ಅನ್ನದ ಮೇಲೂ ಇವನ ದರ್ಬಾರು! ಕಡಿಯಲಿ. ಇನ್ನೊಂದು, ಅವನು ಮಲಗುವುದು ಮಗ್ಗದ ಪಕ್ಕದಲ್ಲಿ. ಅನುಚರರು ಅದನ್ನು ಯಂತ್ರದ ಮೇಲಿನ ಒಡೆತನದ ಗರ್ವ ಅಂದುಕೊಂಡಿದ್ದಾರೆ. ಸದ್ದು ನಿಂತರೆ ಅವನಿಗೆ ಎಚ್ಚರವಾಗುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ.

ಹೀಗೆ ಮೂರು ಅಭ್ಯಾಸ ಬರೆದುಕೊಳ್ಳಿ. ಒಂದೊಂದನ್ನೂ ಇಬ್ಬರಿಗೆ ಹೇಳಿ ಪರೀಕ್ಷೆ ಮಾಡಿ. ಕೇಳಿದ ಕೂಡಲೇ ಯಾರಾದರೂ ಪಾಪ ಅಂದರೆ ವೇಷ ಸರಿಯಾಗಿಲ್ಲ, ಬದಲಿಸಿ.

ಹಂತ 6: ನಾಲಿಗೆ ಜಾರಲಿ

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಒಂದು ದೊಡ್ಡ ಅಸ್ತ್ರವಿದೆ, ನಮ್ಮ ಒಳಗನ್ನಡಗಳು, ಅಂದರೆ ಊರೂರಿನ ಆಡುಮಾತು. ವಿಲನ್ ಕಂಪನಿ ನಾಟಕದ ಭಾಷೆ ಆಡಲಿ. "ನನ್ನ ಅಪ್ಪಣೆಯಿಲ್ಲದೆ ಈ ನಗರದಲ್ಲಿ ಒಂದು ಚಕ್ರವೂ ಉರುಳಕೂಡದು!" ಇಡೀ ಕಥೆ ಹೀಗೇ ಹೋಗಲಿ. ಅಳುಕು ತಟ್ಟಿದ ಒಂದೇ ಒಂದು ಕ್ಷಣ ಅವನ ಬಾಯಿಂದ ಅವ್ವನ ಮಾತು ಬರಲಿ. ಒಂದು ಪದ ಸಾಕು. ಎರಡನೇ ಪದಕ್ಕೆ ಅವನು ಎಚ್ಚೆತ್ತು ಮತ್ತೆ ಗ್ರಂಥಸ್ಥ ಭಾಷೆಗೆ ಹತ್ತಿಬಿಡಬೇಕು.

ಅಕ್ಷರ ಬರೆಯುವವರಿಗೊಂದು ಕಿವಿಮಾತು. ಪಿಸುಮಾತು ತೋರಿಸಲು ಇಂಗ್ಲಿಷ್ ಕಾಮಿಕ್ಸಿನಂತೆ ಅಕ್ಷರ ತೀರಾ ಸಣ್ಣದು ಮಾಡಬೇಡಿ, ನಮ್ಮ ಒತ್ತಕ್ಷರಗಳು ಮುದ್ರಣದಲ್ಲಿ ಮಸಿಯಾಗಿ ಕಲಸಿಹೋಗುತ್ತವೆ. ಅಕ್ಷರ ಸ್ವಲ್ಪವೇ ಕಿರಿದಾಗಲಿ, ಮಾತಿನ ಬುಗ್ಗೆ (ಸ್ಪೀಚ್ ಬಲೂನು) ದೊಡ್ಡದಾಗಲಿ. ಸುತ್ತಲಿನ ಬಿಳಿ ಜಾಗವೇ ಅವನನ್ನು ಒಂಟಿ ಮಾಡುತ್ತದೆ.

ಹಂತ 7: ನೀರೊಳಗೆ ಬೆವರಿಸಿ

ಅಡಗಿದ ಭಯವನ್ನು ಒಂದೇ ಸಾಲಿನಲ್ಲಿ ಹಿಡಿದವನು ಸಾವಿರ ವರ್ಷದ ಹಿಂದಿನ ನಮ್ಮ ರನ್ನ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಿಂದ ಭೀಮನ ಗರ್ಜನೆ ಕೇಳುತ್ತದೆ. ನೀರೊಳಗಿರ್ದುಂ ಬೆಮರ್ತನ್. ನೀರೊಳಗೆ ಬೆವರಿದರೆ ಯಾರಿಗೆ ಕಾಣುತ್ತದೆ? ಯಾರಿಗೂ ಇಲ್ಲ, ಓದುಗನೊಬ್ಬನಿಗೆ ಬಿಟ್ಟು. ಕಾಮಿಕ್ಸಿನ ಚೌಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಥೆಯೊಳಗಿನ ಬೇರೆ ಪಾತ್ರಗಳಿಗೆ ಕಾಣದ್ದು ಓದುಗನಿಗೆ ಕಾಣಬೇಕು.

ಆದ್ದರಿಂದ ಅರಳಿದ ಕಣ್ಣು, ಹಣೆಯ ಮೇಲೆ ನೀರಹನಿ, ನಡುಗುವ ಗೆರೆ ಯಾವುದೂ ಬೇಡ. ಕೈ ತೋರಿಸಿ, ಬೆನ್ನು ತೋರಿಸಿ. ಅವನು ನೋಡದೆ ಬಿಟ್ಟ ವಸ್ತುವನ್ನು ತೋರಿಸಿ. ನನ್ನ ಕಥೆಯ ಒಂದು ಪುಟವನ್ನು ಹಾಗೇ ಕೊಡುತ್ತೇನೆ. ಇದಕ್ಕೂ ಮುಂಚಿನ ಪ್ರತಿ ಪುಟದ ಅಡಿಯಲ್ಲೂ "ಧಡಕ್ ಧಡಕ್ ಧಡಕ್" ಅಂತ ಯಂತ್ರದ ಸದ್ದು ಅಂಚಿನಿಂದ ಅಂಚಿಗೆ ಹರಿದಿರುತ್ತದೆ ಅನ್ನುವುದು ನೆನಪಿರಲಿ.

ಪುಟ 14.

ಚೌಕ 1, ಪುಟದಗಲ: ಊಟದ ಸಾಲು. ಗಿರಣಿರಾಯನ ನೆರಳು ಎಲ್ಲರ ಡಬ್ಬಿಗಳ ಮೇಲೆ ಹಾದುಹೋಗುತ್ತಿದೆ.

ಚೌಕ 2: ಅಪ್ಪನ ಬದಲು ಕೆಲಸಕ್ಕೆ ಬಂದ ಹುಡುಗಿ ಮಂಜಿ. ಮುಚ್ಚಳ ಹಾಕಿದ ಡಬ್ಬಿ ಮುಂದಿದೆ. ಮಂಜಿ: "ನನ್ನದಾತು."

ಚೌಕ 3: ಕಬ್ಬಿಣದ ಕೈ ಡಬ್ಬಿಯ ಹಿಡಿ ಹಿಡಿಯುತ್ತಿದೆ. ಮಾತಿಲ್ಲ.

ಚೌಕ 4: ಹಿಂದಿನದೇ ಚಿತ್ರ. ಡಬ್ಬಿ ನೆಲದಿಂದ ಒಂದಿಂಚು ಮೇಲೆದ್ದಿದೆ, ಬೆರಳುಗಳು ಹಿಡಿಯ ಸುತ್ತ ಬಿಗಿದಿವೆ. ತೂಕ ಗೊತ್ತಾಗಿದೆ.

ಚೌಕ 5: ಅವನ ಬೆನ್ನು. ಸುತ್ತ ಬಿಳಿ. ದೊಡ್ಡ ಬುಗ್ಗೆಯಲ್ಲಿ ಒಂದೇ ಮಾತು: "ಉಣ್ಣವ್ವ."

ಚೌಕ 6: ಮಂಜಿ ತಲೆಯೆತ್ತಿ ನೋಡುತ್ತಿದ್ದಾಳೆ. ಅವನು ಆಗಲೇ ಮುಂದೆ ಹೋಗಿದ್ದಾನೆ. ಚೌಕದ ಹೊರಗಿನಿಂದ ಅವನ ದನಿ: "ಭೋಜನ ಮುಗಿಸದೆ ಯಾರೂ ಮೇಲೇಳತಕ್ಕದ್ದಲ್ಲ!"

ಪುಟದ ಅಡಿ: ಖಾಲಿ. ಧಡಕ್ ಇಲ್ಲ.

ಸದ್ದು ಇಲ್ಲದ್ದನ್ನು ಎಲ್ಲರೂ ಗಮನಿಸುವುದಿಲ್ಲ, ಹತ್ತರಲ್ಲಿ ಇಬ್ಬರು ಗಮನಿಸಿದರೆ ಸಾಕು. ಉಳಿದವರಿಗೆ ಏನೋ ಆಯಿತು ಅನ್ನುವುದಷ್ಟೇ ತಟ್ಟಿರುತ್ತದೆ. ಪುಟದ ಸಂಖ್ಯೆ 14 ಅನ್ನುವುದೂ ಸುಮ್ಮನೆ ಅಲ್ಲ. ಸಮಸಂಖ್ಯೆಯ ಪುಟ ಎಡಕ್ಕೆ ಬರುತ್ತದೆ, ಹಾಳೆ ತಿರುಗಿಸಿದ ಮೇಲೆಯೇ ಕಾಣುತ್ತದೆ. ಮುಖ್ಯವಾದದ್ದನ್ನು ಬಲಪುಟಕ್ಕೆ ಹಾಕಿದರೆ ಓದುಗನ ಕಣ್ಣು ಮೊದಲೇ ಅತ್ತ ಹರಿದು ಗುಟ್ಟು ರಟ್ಟಾಗುತ್ತದೆ. ಮೊಬೈಲಿಗಾಗಿ ಉದ್ದುದ್ದಕ್ಕೆ ಬರೆಯುವುದಾದರೆ ನಾಲ್ಕು ಮತ್ತು ಐದನೇ ಚೌಕದ ನಡುವೆ ಒಂದು ಪರದೆಯಷ್ಟು ಖಾಲಿ ಬಿಡಿ.

ಹಂತ 8: ಗುಟ್ಟು ಯಾರ ಕಣ್ಣಿಗೆ ಬೀಳಬೇಕು?

ನಾಯಕನ ಕಣ್ಣಿಗಲ್ಲ. ನಾಯಕ ಹುಡುಕುವುದು ಬಲಹೀನತೆಯನ್ನು, ಅದು ಅವನ ಕೆಲಸ. ಭಯ ಕಾಣುವುದು ಗೆಲ್ಲುವ ಉದ್ದೇಶವೇ ಇಲ್ಲದವರಿಗೆ. ಕೋಟೆಯ ಕಿಂಡಿಯಲ್ಲಿ ಶತ್ರು ನುಸುಳುತ್ತಿರುವುದು ಕಂಡದ್ದು ಸೇನಾಪತಿಗಲ್ಲ, ಗಂಡನ ಊಟದ ಹೊತ್ತಿಗೆ ನೀರು ತರಲು ಹೋದ ಓಬವ್ವನಿಗೆ. ಕೈಗೆ ಸಿಕ್ಕ ಆಯುಧವೂ ಅಡುಗೆಮನೆಯ ಒನಕೆ. ನಮ್ಮ ಕಥೆಯಲ್ಲಿ ಅದು ಮಂಜಿ.

ಗೊತ್ತಾದ ಮೇಲೆ ಏನು? ಇಲ್ಲಿ ಮೂರು ದಾರಿ ಕಾಣುತ್ತವೆ. ಆ ಭಯವನ್ನೇ ಹಿಡಿದು ಅವನನ್ನು ಹೊಡೆಯುವುದು ಮೊದಲನೆಯದು, ಸಲೀಸು. ಓಡಿದಷ್ಟೂ ಭಯದ ಕಡೆಗೇ ಓಡುವಂತೆ ಮಾಡುವುದು ಎರಡನೆಯದು. ಕಂಸ ಹೀಗೆ ಓಡಿದ. ಎಂಟನೆಯ ಮಗುವಿಗೆ ಹೆದರಿ ತಂಗಿಯನ್ನು ಸೆರೆಯಲ್ಲಿಟ್ಟ, ಆ ಸೆರೆಮನೆಯಲ್ಲೇ ಎಂಟನೆಯ ಮಗು ಹುಟ್ಟಿತು. ಕಿರ್ಬಿ 1970ರಲ್ಲಿ ತಂದ ಡಾರ್ಕ್‌ಸೈಡ್‌ನದೂ ಇದೇ ಹಾದಿ. ಮಗ ಒರಾಯನ್‌ನಿಂದಲೇ ಸಾವು ಎಂಬ ಭವಿಷ್ಯವಾಣಿ, ಆ ಮಗನನ್ನು ಒಪ್ಪಂದಕ್ಕಾಗಿ ವೈರಿಗಳ ಮನೆಯಲ್ಲಿ ಬೆಳೆಯಲು ಬಿಟ್ಟವನು ಇವನೇ.

ಮೂರನೆಯದು ಥಾನೋಸ್‌ನ ದಾರಿ, ನನಗೆ ಬಲು ಇಷ್ಟವಾದದ್ದು. ಜಿಮ್ ಸ್ಟಾರ್ಲಿನ್ 1973ರಲ್ಲಿ ಸೃಷ್ಟಿಸಿದ ಈ ಪಾತ್ರ 1991ರ ಕಥೆಯಲ್ಲಿ ಇಡೀ ಬ್ರಹ್ಮಾಂಡದ ಒಡೆಯನಾಗಿ, ಕೊನೆಗೆ ಎಲ್ಲ ಕಳೆದುಕೊಳ್ಳುತ್ತಾನೆ. ಆಗ ಎದುರಾಳಿ ಆಡಮ್ ವಾರ್ಲಾಕ್ ಅವನಿಗೆ ಹೇಳುವ ಮಾತಿನ ಸಾರ ಇಷ್ಟು: ನೀನು ಪ್ರತಿ ಸಲವೂ ಗೆದ್ದು, ಪ್ರತಿ ಸಲವೂ ನಿನ್ನ ಸೋಲಿಗೆ ನೀನೇ ದಾರಿ ಬಿಟ್ಟಿದ್ದೀಯ, ಯಾಕೆಂದರೆ ಇದಕ್ಕೆ ನಾನು ತಕ್ಕವನಲ್ಲ ಅಂತ ನಿನಗೇ ಒಳಗೆ ಗೊತ್ತು. ವೈರಿ ಹೊಡೆದ ಏಟಲ್ಲ ಇದು. ಇಂಥ ಕಡೆ ನಾಯಕ ಪಕ್ಕಕ್ಕೆ ನಿಂತರೂ ಕಥೆ ನಡೆಯುತ್ತದೆ.

ಮಂಜಿ ಏನು ಮಾಡುತ್ತಾಳೆ? ಬರೆಯುವಾಗ ಅವಳ ಕೈಯಿಂದ ಸಾವಿರ ತುಂಬಿದ ಡಬ್ಬಿ ಇಡಿಸಬೇಕು ಅಂತಿದ್ದೆ. ಎಲ್ಲರೂ ಊಟ ಬಿಟ್ಟು ಏಳುತ್ತಾರೆ, ಗಿರಣಿರಾಯ ಕುಸಿಯುತ್ತಾನೆ. ಚಿತ್ರ ಭರ್ಜರಿ ಬರುತ್ತಿತ್ತು. ಒಂದು ರಾತ್ರಿ ಆ ಪುಟ ಹರಿದುಹಾಕಿದೆ. ಈಗಿನ ಪ್ರತಿಯಲ್ಲಿ ಅವಳು ಅವನ ಮುಂದೆ ಕೂತು ಡಬ್ಬಿ ಬಿಚ್ಚಿ, ಒಂದು ರೊಟ್ಟಿ ಮುರಿದು ಅರ್ಧ ಅವನ ಕಡೆ ಚಾಚುತ್ತಾಳೆ. ಕಬ್ಬಿಣದ ಬಾಯಿಗೆ ರೊಟ್ಟಿ ತಿನ್ನಲು ಬರುವುದಿಲ್ಲ. ಅದು ಗೊತ್ತಾಗುವ ಚೌಕ ಬರೆಯಲು ನನಗೆ ಮೂರು ವಾರ ಹಿಡಿಯಿತು.

ಹಂತ 9: ಉಪ್ಪಿನಷ್ಟು ಹಾಕಿ

ಅಮೆರಿಕದ ತಿಂಗಳ ಕಾಮಿಕ್ಸ್ ಸಾಮಾನ್ಯವಾಗಿ 20ರಿಂದ 22 ಪುಟ. ಅಷ್ಟರಲ್ಲಿ ಭಯ ಇಣುಕಬೇಕಾದ್ದು ಮೂರೇ ಕಡೆ. ಮೊದಲ ಸಲ ದರ್ಪದಂತೆ, ಎರಡನೇ ಸಲ ಏನೋ ವಿಚಿತ್ರದಂತೆ, ಮೂರನೇ ಸಲ ತಾನಾಗಿಯೇ. ನಾಲ್ಕನೇ ಸಲ ಬಂದರೆ ಅದು ಗೋಳು. ಧಾರಾವಾಹಿಯಾದರೆ ಎರಡನೆಯದನ್ನು ಎರಡು ಮೂರು ಕಂತಿಗೆ ಎಳೆಯಬಹುದು, ಮೂರನೆಯದು ಮಾತ್ರ ಒಂದೇ ಸಲ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದ ನಮ್ಮ ಕಾಲದವರಿಗೆ ಗೊತ್ತು, ಕಂತು ಮುಗಿದ ಮೇಲೂ ತಲೆಯಲ್ಲಿ ಉಳಿಯುತ್ತಿದ್ದದ್ದು ಹೊಡೆದಾಟವಲ್ಲ, ಮುಂದೇನು ಅನ್ನುವ ಕಸಿವಿಸಿ.

ಬರೆದು ಮುಗಿಸಿದ ಮೇಲೆ ಕಾಮಿಕ್ಸ್ ಓದದ ಒಬ್ಬರಿಗೆ ಕೊಡಿ. ನಾನು ಕೊಡುವುದು ನಮ್ಮತ್ತಿಗೆಗೆ. ಗಿರಣಿರಾಯನ ಕಥೆ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪ, ಅವನ ಅವ್ವಗೆ ಡಬ್ಬಿ ತುಂಬಿರೋದು ಗೊತ್ತಿತ್ತಾ?" ನಾನು ಅವ್ವನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ನಾಲ್ಕನೇ ಹಂತಕ್ಕೆ ವಾಪಸ್ಸು ಹೋಗಬೇಕಾಯಿತು. ನಿಮಗೂ ಹೋಗಬೇಕಾಗುತ್ತದೆ, ಬೇಜಾರಾಗಬೇಡಿ.

ಮಂಡಕ್ಕಿ ಅಂಗಡಿಯ ಹುಡುಗ ದೀಪಾವಳಿ ಕಳೆದ ಮೇಲೆ ಮತ್ತೆ ಬಂದ. ಈ ಸಲ 32 ಪುಟ. ವಿಲನ್ ಅದೇ ಎಂಟಡಿ, ಬಸ್ಸು ಎಸೆಯುವುದೂ ಅದೇ. ಆದರೆ ಎಸೆಯುವ ಮೊದಲು ಪ್ರತಿ ಬಸ್ಸನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾನೆ. ಎಷ್ಟು ಸೊಕ್ಕು ನೋಡು, ಅಂದುಕೊಂಡು ಪುಟ ತಿರುಗಿಸಿದೆ. ಇಪ್ಪತ್ತೆಂಟನೇ ಪುಟದಲ್ಲಿ ಒಂದು ಬಸ್ಸನ್ನು ಎತ್ತಿದವನು ಎಸೆಯದೆ, ಮೊಟ್ಟೆ ಇಟ್ಟ ಹಾಗೆ ರಸ್ತೆಯ ಮೇಲೆ ಇಟ್ಟುಬಿಡುತ್ತಾನೆ. ಮುಂದಿನ ಚೌಕದಲ್ಲಿ ಬಸ್ಸಿನ ಬೋರ್ಡು ಮಾತ್ರ: ಹೊಳಲ್ಕೆರೆ.

ಹಿಂದಿನ ಪುಟಗಳಿಗೆ ಮರಳಿದೆ. ಇವನು ಅಷ್ಟು ಹೊತ್ತೂ ಬೋರ್ಡು ಓದುತ್ತಿದ್ದ.

"ಹೊಳಲ್ಕೆರೆಲಿ ಏನೈತಿ?" ಅಂದೆ.

"ಅದು ಎರಡನೇ ಭಾಗದಾಗೆ ಸರ್."

ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ.